ಕಿಲುಬುಗನ್ನಡಿ

ಮೂರು ಗಾಲಿಯ ಆ ಸಣ್ಣ ಗಾಡಿ, ಬಿದ್ದ ಮನೆಯ ಹಿತ್ತಲಿನ ಜಾಲಿಕಂಟಿಗಳ ನಡುವೆ ತಾನೇ ದಾರಿ ಹುಡುಕಿಕೊಂಡು ಓಡಾಡುತ್ತಿತ್ತು. ಅದರ ಹೊಟ್ಟೆಯಿಂದ ಹೊರಟ ಕಾಂತದ ಅಲೆಗಳು ನೆಲಕ್ಕಿಳಿದು, ಲೋಹಕ್ಕೆ ತಗುಲಿ ಮರಳುತ್ತಿದ್ದವು. ಲೋಹ ಹುಡುಕುವ ಯಂತ್ರಗಳು ಅಜ್ಜನ ಕಾಲಕ್ಕೂ ಇದ್ದವೆನ್ನಿ. ಆದರೆ ಮಣ್ಣು ಸೇರಿದ ಬೆಳ್ಳಿ, ಕಬ್ಬಿಣದ ಮೇಲೆ ವರ್ಷವರ್ಷವೂ ತೆಳುವಾಗಿ ಕಿಲುಬು ಕೂಡುತ್ತದಲ್ಲ, ಡಾ. ಜರೀನಾ ನದಾಫ ಕಟ್ಟಿದ ಈ ಯಂತ್ರ ಆ ಪದರಗಳನ್ನು ಅಗೆಯದೆಯೇ ಎಣಿಸುತ್ತಿತ್ತು. ವಸ್ತು ಯಾವ ವರ್ಷ ಬಿತ್ತು, ಹೇಗೆ ಬಿದ್ದಿದೆ ಎಂದು ಪರದೆಯ ಮೇಲೆ ಬಿಡಿಸಿ ತೋರಿಸುತ್ತಿತ್ತು. ಜನ ಅದನ್ನು ಕಿಲುಬುಗನ್ನಡಿ ಎಂದು ಕರೆದರು.

ಹಿರಿಯರು ಹೂತಿಟ್ಟ ಬೆಳ್ಳಿ ಸಿಕ್ಕೀತೆಂದು ಅದನ್ನು ಕರೆಸಿದವನು ಫಕೀರಗೌಡ. ಹಿಸ್ಸೆದಾರರೆಲ್ಲ ಎದುರಿಗಿರಬೇಕೆಂಬ ನಿಯಮವಿತ್ತು, ಹಾಗಾಗಿ ಅವನ ದೊಡ್ಡಪ್ಪನ ಮಗಳು, ಎಪ್ಪತ್ತೊಂದರ ದಾಕ್ಷಾಯಣಿಯೂ ಬಂದಿದ್ದಳು. ಇಲ್ಲದಿದ್ದರೆ ಗದಗ ಸೀಮೆಯ ಆ ಊರಿನ ಕಡೆ ತಲೆ ಹಾಕಿಯೂ ಮಲಗುವವಳಲ್ಲ. ಅಪ್ಪನನ್ನು ಮೊದಲೇ ಕಳೆದುಕೊಂಡಿದ್ದ ಅವಳಿಗೆ ನಾಲ್ಕು ವರ್ಷವಿದ್ದಾಗ ತಾಯಿ ಗುರುಸಿದ್ದವ್ವ ಮನೆಯ ಬಂಗಾರದ ಸರ ಹಾಕಿಕೊಂಡು ಯಾರ ಜೊತೆಗೋ ಓಡಿಹೋದಳಂತೆ. ಶಾಲೆಯಲ್ಲಿ, ಮದುವೆ ಮಾತಿನಲ್ಲಿ, ಗಂಡನ ಮನೆಯ ಜಗಳದಲ್ಲಿ, ಎಲ್ಲೆಲ್ಲೂ ದಾಕ್ಷಾಯಣಿ "ಓಡಿಹೋದಾಕಿ ಮಗಳು". ಅವ್ವ ನನ್ನನ್ನು ಯಾಕೆ ಬಿಟ್ಟಳು? ಇದೊಂದನ್ನು ತಿಳಿಯದೆ ಸಾಯಲು ಅವಳಿಗೆ ಮನಸ್ಸಿರಲಿಲ್ಲ.

ಗಾಡಿ ಹಗೇವಿನ ಬಾಯಿಗಲ್ಲಿನ ಮೇಲೆ ನಿಂತುಬಿಟ್ಟಿತು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ, ಬಾಯಿ ಸಣ್ಣ ಹೊಟ್ಟೆ ದೊಡ್ಡದಾದ ಕಣಜ.

"ಬಂಗಾರ ಐತೇನ್ರಿ ಡಾಕ್ಟರ?" ಫಕೀರಗೌಡ ಹತ್ತಿರ ಓಡಿದ.

"ಐತ್ರಿ," ಎಂದ ಜರೀನಾ ಪರದೆಗೆ ಕೈ ಅಡ್ಡ ಹಿಡಿದಳು. "ಅಮ್ಮಾರ, ನೀವು ಸ್ವಲ್ಪ ಕುಂದರ್ರಿ."

"ಜೀವಮಾನ ಎಲ್ಲಾ ಕುಂತೇನವ್ವಾ. ತೋರ್ಸು."

ಪರದೆಯಲ್ಲಿ ಕೆಳತುದಿಗೆ ಎರಡು ಜೊತೆ ಕಾಲುಂಗುರ. ಅದಕ್ಕೂ ಮೇಲೆ ಬಳೆಗಳು, ಸರ, ಪುಟ್ಟದೊಂದು ಮೂಗುಬೊಟ್ಟು. ಗಂಟು ಕಟ್ಟಿ ಹೂತ ಒಡವೆ ಹಾಗಿರುವುದಿಲ್ಲ. ತೊಟ್ಟವಳು ಮಗ್ಗುಲಾಗಿ ಮಲಗಿದ್ದಳು. ಕಾಲುಂಗುರದ ಕಿಲುಬು ಅರವತ್ತೇಳು ಪದರ.

ದಾಕ್ಷಾಯಣಿಗೆ ಮೊದಲು ಬಂದದ್ದು ಸಂತೋಷ. ಅವ್ವ ನನ್ನ ಬಿಟ್ಟು ಹೋಗಿಲ್ಲ! ಮರುಕ್ಷಣವೇ ಆ ಸಂತೋಷಕ್ಕೆ ಅವಳಿಗೇ ಹೇಸಿಗೆಯಾಯಿತು. ಅವ್ವ ಬರುವ ದಾರಿ ಕಾಣುತ್ತದೆಂದು, ಸಣ್ಣವಳಿದ್ದಾಗ ದಿನಾ ಸಂಜೆ ಅವಳು ಕೂತು ಕಾಯುತ್ತಿದ್ದದ್ದು ಇದೇ ಕಲ್ಲಿನ ಮೇಲೆ.

"ಹಗೇವಿನ ಗಾಳಿ ಕೆಟ್ಟಿರ್ತೈತಿ ಅಕ್ಕಾ," ಫಕೀರಗೌಡನ ದನಿ ಇಳಿದಿತ್ತು. "ಜೋಳ ತರಾಕ ಇಳಿದಾಕಿ ಉಸಿರು ಕಟ್ಟಿ..."

"ಹೌದಪಾ. ಅದಕ್ಕ ಒಬ್ರ ಇಳಿಯೂ ಹಂಗಿಲ್ಲ. ಮ್ಯಾಲ ಒಬ್ರು ಹಗ್ಗ ಹಿಡೀಬೇಕು."

ಜರೀನಾ ತಡೆದು ತಡೆದು ಹೇಳಿದಳು: "ಹಗ್ಗದ ಕಬ್ಬಿಣದ ಕೊಂಡಿನೂ ಒಳಗ ಬಿದ್ದೈತ್ರಿ. ಬಾಯಿಗಲ್ಲು ಅಲುಗದಂಗ ಬಡಿದಿರೋ ಕಬ್ಬಿಣದ ಪಟ್ಟೀನೂ ಅದ ವರ್ಷದ್ದು."

ಆ ಮನೆಯಲ್ಲಿ ಹಗ್ಗ ಹಿಡಿಯುತ್ತಿದ್ದವನು ಒಬ್ಬನೇ, ಫಕೀರಗೌಡನ ಅಪ್ಪ. ತಬ್ಬಲಿ ದಾಕ್ಷಾಯಣಿಯ ತಲೆ ಬಾಚಿ, ರೊಟ್ಟಿ ಮುರಿದು ತಿನ್ನಿಸಿ, ಧಾರೆ ಎರೆದುಕೊಟ್ಟ ಚಿಕ್ಕಪ್ಪ. ಹೆದರಿಕೆಗೆ ಮುಚ್ಚಿದನೋ, ಬೇಕೆಂದೇ ಮುಚ್ಚಿದನೋ? ಅದನ್ನು ಯಾವ ಕಿಲುಬೂ ಹೇಳುವಂತಿರಲಿಲ್ಲ.

"ಅಪ್ಪ ಸತ್ತು ಇಪ್ಪತ್ತು ವರ್ಷ ಆತು. ಇದನ್ನ ಇಲ್ಲಿಗೇ ಬಿಟ್ಟಬಿಡೂಣಕ್ಕಾ," ಫಕೀರಗೌಡ ಕೈಮುಗಿದ.

"ಎಲ್ಲಾರೂ ಹಿಂಗ ಅಂತಾರ್ರಿ ಅಮ್ಮಾರ," ಎಂದಳು ಜರೀನಾ. "ಈ ಯಂತ್ರ ಬಂದಮ್ಯಾಗ ಹಳೇ ಹಿತ್ತಲಕ್ಕ ಸಿಮೆಂಟ್ ಹಾಕ್ಸೋರು ಜಾಸ್ತಿ ಆಗ್ಯಾರ. ನನ್ನ ಯಂತ್ರಕ್ಕ ಅಷ್ಟ ಹೆದರ್ತಾರ."

ದಾಕ್ಷಾಯಣಿ ಕಲ್ಲಿನ ಮೇಲೆ ಅಂಗೈ ಊರಿದಳು.

"ಯಂತ್ರ ಯಾಕ ಬೇಕಿತ್ತವ್ವಾ? ಓಡಿಹೋದಳು ಅಂದಾಗ ಇಡೀ ಊರು ನಂಬ್ತು. ಒಬ್ರರ ಕಲ್ಲು ಎತ್ತಿ ನೋಡಿದ್ರ ಸಾಕಾಗಿತ್ತು."