ಕೂಡಿಟ್ಟ ಪ್ರೀತಿ

ಪತ್ರಿಕೆ ತಲೆಕೆಳಗಾಗಿತ್ತು.

ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚಿನ ತುದಿಯಲ್ಲಿ ಒಬ್ಬ ಗಂಡಸು ಕೂತಿದ್ದ. ಟೋಪಿ ಹುಬ್ಬಿನವರೆಗೆ ಇಳಿದಿತ್ತು. ಮುಖಕ್ಕೆ ಅಡ್ಡವಾಗಿ ಪತ್ರಿಕೆ. ಅದರಲ್ಲಿನ ದೊಡ್ಡ ಮನುಷ್ಯರೆಲ್ಲ ಕಾಲು ಮೇಲೆ ಮಾಡಿ, ತಲೆ ಕೆಳಗೆ ಮಾಡಿ ಕೈಮುಗಿಯುತ್ತಿದ್ದರು.

ಬೇರೆ ದಿನವಾಗಿದ್ದರೆ, ಆಗಷ್ಟೇ ಒಳಗೆ ಬಂದ ಅವಳಿಗೆ ಅದನ್ನು ನೋಡಿ ನಗು ಬರುತ್ತಿತ್ತು. ಈಗ ಬರಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಆಗ ಕಣ್ಣಿಗೆ ಬಿತ್ತು... ಪತ್ರಿಕೆ ಹಿಡಿದ ಆ ಮುಂಗೈ! ಅದರ ಮೇಲೆ ಅಡ್ಡಡ್ಡ ಎಳೆದಂತಿದ್ದ ಸುಟ್ಟ ಗೆರೆ. ಬೇಕರಿಯ ಒಲೆಯ ಬಾಗಿಲು ತಗುಲಿ ಆದ ಗಾಯ ಅದು. ಮುಲಾಮು ಹಚ್ಚಿ, ಉಫ್ ಉಫ್ ಎಂದು ಊದಿದವಳು ಅವಳೇ.

"ರೀ...?"

ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು. ಟೋಪಿಯ ಕೆಳಗೆ, ಕದ್ದು ಸಿಕ್ಕಿಬಿದ್ದ ಬೆಕ್ಕಿನಂತೆ, ಅವಳ ಗಂಡನ ಕಣ್ಣು!

"ನೀ... ನೀನಿಲ್ಲಿ?"

"ನೀವಿಲ್ಲಿ?"

"ನಂಗೆ... ಹಲ್ಲುನೋವು."

ಅವಳು ತಲೆಯೆತ್ತಿ ಬಾಗಿಲ ಮೇಲಿನ ಫಲಕ ನೋಡಿದಳು. ಮಕ್ಕಳಾಗದ ದಂಪತಿಗಳ ಚಿಕಿತ್ಸಾಲಯ ಎಂದು ದಪ್ಪಕ್ಷರದಲ್ಲಿತ್ತು.

"ಇಲ್ಲಿ ಹಲ್ಲು ಕೀಳಲ್ಲ" ಎಂದಳು.

ಅಷ್ಟೇ. ಸಿಟ್ಟಿಲ್ಲ, ಅಳುವಿಲ್ಲ, ಅಚ್ಚರಿಯೂ ಇಲ್ಲ. ತನ್ನ ಧ್ವನಿ ತನಗೇ ಪಕ್ಕದ ಮನೆಯ ರೇಡಿಯೋದಂತೆ ಕೇಳಿಸಿತು.

ನೋಡಿ, ಮೇಲಿರುವವನು ದೊಡ್ಡ ಕರುಣಾಳು. ತಡೆಯಲಾರದ ನೋವು ಕೊಡುವ ಮುನ್ನ ಅವನು ಮನಸ್ಸಿಗೆ ಜೋಮು ಹಿಡಿಸುತ್ತಾನೆ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಹಿಡಿಯುತ್ತದಲ್ಲ, ಅದೇ ಜೋಮು. ಕಾಲು ನಿಮ್ಮದೇ, ಚಿವುಟಿದರೆ ಮಾತ್ರ ಗೊತ್ತಾಗುವುದಿಲ್ಲ. ಅವಳ ಎದೆಗೆ ಹಾಗೆ ಹಿಡಿದು ತಿಂಗಳುಗಳೇ ಆಗಿದ್ದವು.

ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೊನ್ನೆ ಮಶಿನ್ನಿನ ಸೂಜಿ ಬೆರಳಿಗೇ ಇಳಿದಿತ್ತು. ಪಕ್ಕದವಳು "ಅಯ್ಯೋ ರಕ್ತ!" ಎಂದು ಕಿರುಚಿದ ಮೇಲೆಯೇ ಅವಳು ಬೆರಳು ನೋಡಿಕೊಂಡಿದ್ದು. ಬಿಳಿ ಪರದೆಯ ಮೇಲೆ ಕೆಂಪು ಚುಕ್ಕೆ. *ಓ, ನನ್ನದಾ?* ಎಂದುಕೊಂಡಳು, ಮತ್ತೇನೂ ಅನ್ನಿಸಲಿಲ್ಲ.

ಮೊದಲು ಹೀಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಬೇಕರಿಯಿಂದ ಬರುವಾಗ ಅಂಗಿಯ ತುಂಬ ಬಿಸಿ ಬ್ರೆಡ್ಡಿನ ವಾಸನೆ ಹೊತ್ತು ತರುತ್ತಿದ್ದ. "ಗುಬ್ಬೀ..." ಎಂದು ಬಾಗಿಲಿನಿಂದಲೇ ಕೂಗುತ್ತಿದ್ದ. ಹಿಟ್ಟಿನ ಕೈಯಲ್ಲೇ ಅವಳ ಮೂಗು ಮುಟ್ಟುತ್ತಿದ್ದ.

ಒಂದು ಸಂಜೆ ಇದ್ದಕ್ಕಿದ್ದಂತೆ ಹಾಸಿಗೆ ಸುತ್ತಿಕೊಂಡು ಹೊರಕೋಣೆಗೆ ಹೋದ.

"ಬೆಳಗಿನ ಜಾವ ಏಳಬೇಕು. ನಿನ್ ನಿದ್ದೆ ಕೆಡೋದ್ಯಾಕೆ?"

ಅಂದಿನಿಂದ ಅಲ್ಲೇ. ಕೈ ತಗುಲಿದರೆ ಬೆಂಕಿ ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅವಳು ತಲೆಗೆ ಹೂವಿಟ್ಟ ದಿನ ಅಂಗಡಿ ನೆಪ ಹೇಳಿ ಎದ್ದು ಹೋಗುತ್ತಿದ್ದ.

*ನಾನು ಸಾಕಾದೆನೇನೋ... ಅಥವಾ ಇನ್ನೊಬ್ಬಳು...* ಮೊದಮೊದಲು ದಿಂಬು ಒದ್ದೆಯಾಗುತ್ತಿತ್ತು. ಆಮೇಲೆ ಅದೂ ಒಣಗಿತು.

ಅತ್ತೆಯ ಮಾತು ಮಾತ್ರ ಒಣಗಲಿಲ್ಲ. "ನಮ್ಮ ವಂಶದ ಗಂಡಸರು ಕಲ್ಲು ಮುಟ್ಟಿದ್ರೂ ಚಿಗುರುತ್ತೆ ಕಣಮ್ಮ! ಭೂಮೀನೇ ಬರಡಾದ್ರೆ ಬಿತ್ತೋನು ಏನ್ ಮಾಡ್ತಾನೆ?"

ಅದಕ್ಕೇ ಅವಳು ತೀರ್ಮಾನ ಮಾಡಿದ್ದಳು. ಬಟ್ಟೆಯ ಪೆಟ್ಟಿಗೆ ತುಂಬಿಯಾಗಿತ್ತು, ಮಂಚದ ಕೆಳಗಿತ್ತು. ನಾಳೆ ಬೆಳಗಿನ ಬಸ್ಸಿಗೆ ಅಕ್ಕನ ಮನೆ. ಹೋಗುವ ಮುನ್ನ ಕೊರತೆ ತನ್ನದೇನಾ ಎಂದು ಒಮ್ಮೆ ಕೇಳಿ ತಿಳಿಯಬೇಕಿತ್ತು. ತನ್ನದೇ ಆಗಿದ್ದರೆ ತಿರುಗಿ ನೋಡದೆ ಹೋಗಬಹುದು. ಅವನಾದರೂ ಸುಖವಾಗಿರಲಿ. ಕಳೆದ ವಾರ ಅವಳ ಪರೀಕ್ಷೆಗಳೆಲ್ಲ ಮುಗಿದಿದ್ದವು. ಇವತ್ತು ಉತ್ತರ.

ಈಗ ನೋಡಿದರೆ, ಇವನೂ ಅದೇ ಬೆಂಚಿನ ಮೇಲೆ!

"ಬ್ರೆಡ್ ಅಂಗಡಿಯವರು ಬನ್ನಿ" ಎಂದು ನರ್ಸು ಬಾಗಿಲಿನಿಂದ ಇಣುಕಿದಳು. ಇಬ್ಬರ ಮುಖವನ್ನೂ ನೋಡಿದಳು. "ಇವ್ರು ನಿಮ್ಮ ಮನೆಯವ್ರಾ? ಅಯ್ಯೋ, ಒಂದೇ ಮನೆಯಿಂದ ಬಂದು ಎರಡು ಚೀಟಿ ಮಾಡ್ಸಿದ್ದೀರಲ್ರೀ! ಇಬ್ರೂ ಒಳಗ್ಬನ್ನಿ!"

ಡಾಕ್ಟರಮ್ಮನಿಗೆ ತಲೆ ಪೂರ್ತಿ ನೆರೆತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮೊದಲು ಅವಳತ್ತ ತಿರುಗಿದರು.

"ನಿಂದು ಎಲ್ಲಾ ಸರಿಯಾಗಿದೆಯಮ್ಮ. ಏನೂ ತೊಂದ್ರೆ ಇಲ್ಲ."

ಎಷ್ಟು ಕಾಲದಿಂದ ಕಾದಿದ್ದ ಮಾತು! ಅವಳು ಸುಮ್ಮನೆ ತಲೆಯಾಡಿಸಿದಳು, ಬಸ್ಸಿನ ಸಮಯ ಕೇಳಿಸಿಕೊಂಡವಳ ಹಾಗೆ.

"ಇನ್ನು ಯಜಮಾನ್ರದ್ದು..." ಡಾಕ್ಟರಮ್ಮ ಕನ್ನಡಕ ಮೇಲೇರಿಸಿದರು. "ವೀರ್ಯಾಣು ಇವೆ. ಓಡಾಟ ತುಂಬಾ ಕಮ್ಮಿ. ಸತ್ತವೇ ಜಾಸ್ತಿ. ಪರೀಕ್ಷೆಗೆ ಕೊಡೋಕೆ ಮುಂಚೆ ಎಷ್ಟು ದಿನ ಬಿಟ್ಟಿದ್ರಿ?"

"ಬಿಟ್ಟಿದ್ದು ಅಂದ್ರೆ...?"

"ಹೆಂಡ್ತಿ ಹತ್ರ ಹೋಗದೆ ಎಷ್ಟು ದಿನ ಆಗಿತ್ತು ಅಂತ."

ಅವನು ಟೋಪಿಯನ್ನು ಮುದ್ದೆ ಮಾಡಿ ಹಿಸುಕಿದ. ಅವಳತ್ತ ನೋಡಲಿಲ್ಲ.

"ತಿಂಗಳುಗಳೇ ಆಗಿತ್ತು, ಡಾಕ್ಟ್ರಮ್ಮ. ಕೂಡಿಡ್ತಾ ಇದ್ದೆ."

"ಏನು ಕೂಡಿಡ್ತಾ ಇದ್ರಿ?"

"ಅದೇ... ಶಕ್ತಿ. ನಮ್ ಪೈಲ್ವಾನ್ ಮಾವ ಹೇಳಿದ್ರು. ಒಂದು ಹನಿ ಆಗೋಕೆ ಮೈಯಲ್ಲಿ ನಲವತ್ತು ಹನಿ ರಕ್ತ ಬೇಕಂತೆ. ಚೆಲ್ಲಾಡಬೇಡ, ಕೂಡಿಡು, ತುಂಬಿದ ಕೆರೆ ಒಂದೇ ಸಲ ತೂಬು ಎತ್ತಿದ್ರೆ ಹೊಲ ಹಸಿರಾಗ್ದೆ ಇರುತ್ತಾ ಅಂದ್ರು. ಅದಕ್ಕೆ ದೇವರ ಮುಂದೆ ನಿಂತು ಆಣೆ ಮಾಡಿದ್ದೆ..."

ಮೂಲೆಯಲ್ಲಿದ್ದ ನರ್ಸು ಗೋಡೆಯ ಕಡೆ ತಿರುಗಿ ಕೆಮ್ಮಿದಳು.

"ಮಾವನಿಗೆ ಮಕ್ಕಳೆಷ್ಟು?" ಡಾಕ್ಟರಮ್ಮ ಗಂಭೀರವಾಗಿಯೇ ಕೇಳಿದರು.

"ಅವ್ರು ಮದುವೆನೇ ಆಗಿಲ್ಲ."

ಈ ಸಲ ಡಾಕ್ಟರಮ್ಮನೇ ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು:

"ಕೇಳಪ್ಪ. ರಕ್ತಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಇದು ಕೆರೆಯಲ್ಲ, ಹರಿಯೋ ನೀರು. ಮೈ ದಿನಾ ಹೊಸದು ಮಾಡ್ತಾನೇ ಇರುತ್ತೆ. ಬಹಳ ದಿನ ಬಿಟ್ರೆ ಲೆಕ್ಕಕ್ಕೆ ಜಾಸ್ತಿ ಕಾಣ್ಬಹುದು, ಆದ್ರೆ ಹಳೇವು ಅಲ್ಲೇ ಮುದಿಯಾಗಿ ಸಾಯ್ತಾವೆ. ಪರೀಕ್ಷೆಗೆ ಎರಡು ದಿನಕ್ಕಿಂತ ಕಮ್ಮಿ ಬೇಡ, ವಾರಕ್ಕಿಂತ ಜಾಸ್ತಿನೂ ಬೇಡ. ಮಗು ಬೇಕು ಅನ್ನೋರು ದೂರ ದೂರ ಇದ್ರೆ ಹೇಗಪ್ಪ? ಎರಡು ಮೂರು ದಿನಕ್ಕೊಮ್ಮೆಯಾದ್ರೂ ಜೊತೇಲಿರ್ಬೇಕು."

ಅವನ ಕಿವಿ ಒಲೆಯೊಳಗಿನ ಬನ್ನಿನಂತೆ ಕೆಂಪಾಯಿತು.

"ಇನ್ನೊಂದು. ನಿಮ್ ಕೆಲಸ ಒಲೆ ಮುಂದೆ ಅಲ್ವಾ? ವೀರ್ಯಾಣು ತಯಾರಾಗೋಕೆ ತಂಪು ಬೇಕು. ಅದಕ್ಕೇ ಸೃಷ್ಟಿ ಮಾಡಿದೋನು ಬೀಜದ ಚೀಲವನ್ನ ಮೈಯಿಂದ ಹೊರಗಿಟ್ಟಿದ್ದಾನೆ. ದಿನವಿಡೀ ಆ ಕಾವಲ್ಲಿ ನಿಂತ್ರೆ ತೊಂದ್ರೆ ಆಗಬಹುದು. ಸ್ವಲ್ಪ ಕಾಲ ಹಿಟ್ಟು ನಾದೋ ಕಡೆಗೆ ಹಾಕಿಸ್ಕೊಳ್ಳಿ. ಮಾವ ಪುಡಿಗಿಡಿ ಕೊಟ್ಟಿದ್ರೆ ತಿನ್ನೋದು ಬಿಡಿ, ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು? ಮೂರು ತಿಂಗಳಾದ ಮೇಲೆ ಮತ್ತೆ ನೋಡೋಣ. ಒಂದೇ ಪರೀಕ್ಷೆ ನೋಡಿ ನಾನು ತೀರ್ಪು ಕೊಡಲ್ಲ."

"ಹಾಗಾದ್ರೆ... ನಾನು ಗಂಡಸಲ್ವಾ, ಡಾಕ್ಟ್ರಮ್ಮ?" ಅವನ ಧ್ವನಿ ಸಣ್ಣಗಾಗಿತ್ತು.

"ಗಂಡಸುತನಕ್ಕೂ ವೀರ್ಯಾಣು ಲೆಕ್ಕಕ್ಕೂ ಗಂಟು ಹಾಕಿದೋರು ಯಾರಪ್ಪ? ಎತ್ತು ಎತ್ತೋವಷ್ಟು ಬಲ ಇರೋನಿಗೂ ಕಮ್ಮಿ ಇರಬಹುದು, ಕಡ್ಡಿಯಂಥೋನಿಗೂ ಚೆನ್ನಾಗಿರಬಹುದು. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತೆ. ಬೆಂಚಿಗೆ ಬಂದು ಕೂರೋದು ಮಾತ್ರ ಹೆಂಗಸರೇ. ನೀವು ಬಂದ್ರಿ ನೋಡಿ, ಅದು ಗಂಡಸುತನ. ಬಾಗಿಲ ಸಂದಿಯಿಂದ ನಾನೂ ನೋಡಿದೆ, ಪತ್ರಿಕೆ ತಲೆಕೆಳಗಾಗಿದ್ರೂ ಪರವಾಗಿಲ್ಲ."

ಹೊರಗೆ ಬಂದರು. ಬಸ್ ನಿಲ್ದಾಣದ ಕಬ್ಬಿಣದ ಆಸನ ಬಿಸಿಲಿಗೆ ಕಾದಿತ್ತು. ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಇವರಿಬ್ಬರೂ ಒಂದೇ ಊರಿಗೆ ಹೊರಟವರು. ಎಳೆದದ್ದು ಮಾತ್ರ ಬೇರೆ ಬೇರೆ ದಿಕ್ಕಿಗೆ.

ಒಂದು ಬಸ್ಸು ಬಂತು, ಹೋಯಿತು. ಯಾರೂ ಏಳಲಿಲ್ಲ.

"ಯಾಕೆ ಹೇಳ್ಲಿಲ್ಲ?" ಅವಳು ರಸ್ತೆ ನೋಡುತ್ತಲೇ ಕೇಳಿದಳು.

"ಏನಂತ ಹೇಳ್ಲಿ? ಅಮ್ಮ ನಿನಗೆ ಅನ್ನೋದೆಲ್ಲ ನನ್ನ ಕಿವಿಗೂ ಬೀಳ್ತಿತ್ತು. ಒಂದು ಮಗು ಆಗ್ಬಿಟ್ರೆ ಎಲ್ಲಾರ ಬಾಯಿ ಮುಚ್ಚುತ್ತೆ ಅಂದ್ಕೊಂಡೆ. ನಿನ್ನ ಮುಟ್ಟಿದ್ರೆ ಆಣೆ ಮುರಿಯುತ್ತೆ ಅಂತ ಹೆದ್ರಿಕೆ. ನೀನು ಹೂವಿಟ್ಟ ದಿನ ಬೇಕರಿ ಹಿಂದುಗಡೆ ಹೋಗಿ ಹಿಟ್ಟಿನ ಮೂಟೆ ಮೇಲೆ ಕೂತಿರ್ತಿದ್ದೆ, ಗುಬ್ಬಿ..."

ಗುಬ್ಬಿ. ಎಷ್ಟು ದಿನವಾಗಿತ್ತು ಆ ಹೆಸರು ಕೇಳಿ!

"ನಾನು... ನಿಮಗೆ ನಾನು ಬೇಡವಾದೆ ಅಂದ್ಕೊಂಡಿದ್ದೆ."

"ಬೇಡವಾ?" ಅವನು ಗಾಬರಿಯಿಂದ ತಿರುಗಿದ. "ನಿನಗೋಸ್ಕರನೇ ಕೂಡಿಡ್ತಾ ಇದ್ನಲ್ಲೇ!"

ಅವಳು ರಸ್ತೆಯಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು.

"ರೀ, ಒಂದು ಕೇಳ್ತೀನಿ. ಹಿಟ್ಟು ನಾದಿ ಮುಚ್ಚಿಟ್ಟು ಹಾಗೇ ಮರೆತುಬಿಟ್ರೆ ಏನಾಗುತ್ತೆ?"

"ಹುಳಿಯಾಗಿ ಕೆಡುತ್ತೆ." ಉತ್ತರ ತಾನಾಗಿ ಬಂತು. ಆಮೇಲೆ ಅವನ ಬಾಯಿ ತೆರೆದೇ ಉಳಿಯಿತು.

"ಇಷ್ಟು ವರ್ಷ ಬ್ರೆಡ್ ಮಾಡಿದೋರು... ಅಷ್ಟೂ ತಿಳೀಲಿಲ್ವಾ?"

ಹೇಳಿ ಮುಗಿಸಿದವಳು ಮೆಲ್ಲಗೆ ಸೇರಿಸಿದಳು, "ನಾಳೆ ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೊರಟಿದ್ದೆ. ವಾಪಸ್ ಬರೋಕಲ್ಲ."

ಅವನು ಬೇಡ ಎನ್ನಲಿಲ್ಲ, ಕೈ ಹಿಡಿಯಲಿಲ್ಲ. ಬಣ್ಣ ಇಳಿದ ಮುಖದಲ್ಲಿ ಎದ್ದು, ಬಂದ ಬಸ್ಸಿಗೆ ಕೈ ತೋರಿಸಿದ.

ಮನೆಯಲ್ಲಿ ಅತ್ತೆ ಹೊಸ್ತಿಲ ಮೇಲೆಯೇ ಇದ್ದರು.

"ಜೋಡಿಯಾಗಿ ಎಲ್ಲಿಗೆ ಸವಾರಿ? ಇದ್ದ ಒಂದು ಕೆಲಸಕ್ಕೂ ರಜೆ ಹಾಕಿಸಿದ್ಲಾ ಈ ಮಹಾರಾಣಿ?"

ಎಂದಿನಂತೆ ಅವಳು ತಲೆತಗ್ಗಿಸಿ ಒಳಗೆ ಹೋಗಬೇಕು. ಎಂದಿನಂತೆ ಅವನು ಕೇಳಿಸದವನಂತೆ ಚಪ್ಪಲಿ ಬಿಡಬೇಕು.

ಆದರೆ ಅವನು ನಿಂತ.

"ಅಮ್ಮ. ಡಾಕ್ಟ್ರ ಹತ್ರ ಹೋಗಿದ್ವಿ. ಅವಳದ್ದೆಲ್ಲಾ ಸರಿ ಇದೆ. ಕೊರತೆ ನನ್ನದು."

"ಥೂ! ಬಿಡ್ತು ಅನ್ನು! ನಮ್ಮ ವಂಶದ ಗಂಡಸರಿಗೆ..."

"ವಂಶದೋರನ್ನ ಯಾರೂ ಪರೀಕ್ಷೆ ಮಾಡಿರ್ಲಿಲ್ಲಮ್ಮ. ನನ್ನನ್ನ ಮಾಡಿದ್ದಾರೆ." ಅವನು ಚಪ್ಪಲಿಯಲ್ಲೇ ನಿಂತು ಮುಂದುವರಿಸಿದ. "ಇನ್ನೊಂದ್ಸಲ ಬರಡು ಅನ್ಬೇಕು ಅನ್ನಿಸಿದ್ರೆ ನನ್ನ ಕರೆದು ಅನ್ನು. ಅವಳಿಗೆ ಬೇಡ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು. ಕೊನೆಗೆ "ಬಿಸಿಲಲ್ಲಿ ಬಂದಿದ್ದೀರಿ... ನೀರು ಕುಡೀರಿ" ಎಂದು ಒಳಗೆ ನಡೆದರು. ಎಷ್ಟೋ ಕಾಲದ ಮೇಲೆ ಎರಡು ಲೋಟ ತಂದಿಟ್ಟರು.

ಅವಳು ಕೋಣೆಯಲ್ಲಿ ಮಂಚದ ಅಂಚಿಗೆ ಕೂತಳು. ಕಾಲಿಗೆ ಪೆಟ್ಟಿಗೆ ತಗುಲಿತು. ಇನ್ನೂ ಏನೂ ಅನ್ನಿಸಲಿಲ್ಲ. *ನನಗೇನಾಗಿದೆ? ಸಂತೋಷ ಆಗಬೇಕಲ್ಲ...*

ಬಾಗಿಲಲ್ಲಿ ಅವನು. ಹೆಗಲ ಮೇಲೆ ಸುತ್ತಿದ ಹಾಸಿಗೆ.

"ಒಳಗೆ ಬರ್ಲಾ?"

"ನಿಮ್ಮದೇ ಕೋಣೆ."

"ನೀನು ಹೇಳಿದ್ರೆ ಬರ್ತೀನಿ. ನಾಳೆ ಹೋಗ್ಲೇಬೇಕು ಅಂದ್ರೆ ಪೆಟ್ಟಿಗೆ ನಾನೇ ಹೊತ್ತು ಬಸ್ ಹತ್ತಿಸ್ತೀನಿ. ತಪ್ಪು ನಂದು."

ಅವಳು ಸ್ವಲ್ಪ ಸರಿದಳು. ಅವನು ಹಾಸಿಗೆ ಇಳಿಸಿ ಪಕ್ಕದಲ್ಲಿ ಕೂತ. ಸೂಜಿ ಚುಚ್ಚಿದ ಅವಳ ಬೆರಳನ್ನು ನೋಡಿದ. ಒಣಗಿ ಕಪ್ಪಾಗಿತ್ತು.

"ಇದೇನೇ ಇದು! ಯಾವಾಗ ಆಯ್ತು? ನಂಗೆ ಗೊತ್ತೇ ಆಗ್ಲಿಲ್ವಲ್ಲ!"

"ನಂಗೂ ಗೊತ್ತಾಗ್ಲಿಲ್ಲ" ಎಂದಳು.

ಅವನು ಬೆರಳನ್ನು ಬಾಯಿಯ ಹತ್ತಿರ ತಂದು ಊದಿದ. ಉಫ್... ಉಫ್...

ಆಗ ಚುರುಕ್ ಎಂದಿತು!

ಮೊದಲು ಬೆರಳ ತುದಿಯಲ್ಲಿ, ಆಮೇಲೆ ಕೈಯಲ್ಲಿ, ಆಮೇಲೆ ಎದೆಯಲ್ಲಿ ಸಾವಿರ ಸೂಜಿ ಒಟ್ಟಿಗೆ. ಅವಳ ಮುಖ ಕಿವುಚಿಕೊಂಡಿತು. ಒಣಗಿಹೋಗಿದ್ದ ಕಣ್ಣಿನಿಂದ ನೀರು ಬಂದೇ ಬಂತು.

"ಅಯ್ಯೋ, ನೋಯ್ತಾ ಗುಬ್ಬಿ?"

"ಹೂಂ... ಈಗ ನೋಯ್ತಿದೆ ರೀ."

"ಬಿಡ್ಲಾ?"

"ಬಿಡ್ಬೇಡಿ!" ಅವಳು ಅವನ ಸುಟ್ಟ ಗೆರೆಯ ಮೇಲೆ ಇನ್ನೊಂದು ಕೈಯಿಟ್ಟಳು. "ಜೋಮು ಬಿಡ್ವಾಗ ಹಾಗೇ... ನೋಯುತ್ತೆ."

ಹೊರಗೆ ಅತ್ತೆ ಲೋಟ ತೊಳೆಯುವ ಸದ್ದು. ಅವನು ನೆಲ ನೋಡುತ್ತ ಕೇಳಿದ:

"ಮೂರು ತಿಂಗಳಾದ ಮೇಲೂ ಏನೂ ಆಗ್ದೆ ಇದ್ರೆ?"

"ದೇವರು ಕೊಟ್ರೆ ಕೈ ಚಾಚೋಣ. ಕೊಡದಿದ್ರೆ ಇನ್ನೇನು ದಾರಿ ಇದೆ ಅಂತ ಇಬ್ರೂ ಕೂತು ಯೋಚನೆ ಮಾಡೋಣ. ಒಂದೇ ಬೆಂಚಲ್ಲಿ."

"ಒಂದೇ ಚೀಟಿ ಮಾಡ್ಸಿ?"

"ಒಂದೇ ಚೀಟಿ. ಮತ್ತೆ... ರೀ..."

"ಹೇಳು."

"ಪತ್ರಿಕೆ ನಾನು ಹಿಡ್ಕೊಳ್ತೀನಿ. ನಿಮಗೆ ಬರಲ್ಲ."