ಬಿಟ್ಟುಹೋದ ಒಂದು ಸಂದು

ಡ್ರೈಯರ್‌ನ ಹೊಟ್ಟೆಯೊಳಗೆ ಮಂಡಿಗೆ ಗಲ್ಲ ಒತ್ತಿಕೊಂಡು ಕೂತಿದ್ದೆ.

ಬಟ್ಟೆ ಒಣಗಿಸೋ ಮಷೀನ್ ರೀ! ಲಾಂಡ್ರಿಯದ್ದು. ಒಂದೇ ಸಲಕ್ಕೆ ಇಪ್ಪತ್ತು ಬೆಡ್‌ಶೀಟ್ ನುಂಗುವಂಥದ್ದು. ಅದರೊಳಗೆ ನಾನು. ನನ್ನ ತೊಡೆಯ ಮೇಲೆ ಹತ್ತು ಕಿಲೋ ಹಿತ್ತಾಳೆ. ನಮ್ಮಿಬ್ಬರ ಮೇಲೆ ಒದ್ದೆ ಬೆಡ್‌ಶೀಟುಗಳ ರಾಶಿ.

ಹೊರಗೆ ಇಬ್ಬರು.

"ಭಾವ... ಅದು ಇಲ್ಲ!"

"ಇಲ್ಲ ಅಂದ್ರೆ? ಅದೇನು ಸೂಜೀನಾ ಕಳೆದುಹೋಗೋಕೆ? ಎಮ್ಮೆ ಗಾತ್ರ ಇದೆ!"

"ಇಲ್ಲೇ ಇಟ್ಟಿದ್ದೆ ಭಾವ. ಮೂರೂವರೆಗೆ ಪಾರ್ಟಿ ಬರ್ತಾನೆ, ತಗೊಂಡು ಹೋಗೋಕೆ!"

"ಮೊದಲು ಈ ಶೀಟ್ ಒಣಗಿಸು. ಆಮೇಲೆ ಹುಡುಕು."

ಒಂದು ಮೊಣಕಾಲು ಬಂದು ಮಷೀನಿನ ಬಾಗಿಲು ಒತ್ತಿತು.

ಕ್ಲಿಕ್!

ಇನ್ನು ಬಾಕಿ ಇದ್ದದ್ದು ಬಟನ್ನು ಮಾತ್ರ...

ಇರಿ ಸಾರ್. ಆ ಫೋಟೋ ಕೆಳಗಿಡಿ. ಕೂತ್ಕೊಳ್ಳಿ. ಬಂದ ಕೂಡಲೇ ಕೂಗಾಡಿದಿರಿ, "ನನ್ನ ತೂಗುದೀಪದ ಚಿತ್ರದಲ್ಲಿ ಒಂದು ಕಡೆ ಹಿಂದಿನ ಗೋಡೆ ಹಾಗೇ ಉಳಿದಿದೆ, ಇದೇನು ಕೆಲಸ?" ಅಂತ. ಉತ್ತರ ಕೊಡ್ತೀನಿ. ಆದರೆ ಉತ್ತರ ಆ ಡ್ರೈಯರ್ ಒಳಗಿಂದಲೇ ಬರಬೇಕು.

ನನ್ನನ್ನು ಈ ಬೀದಿಯಲ್ಲಿ ಕತ್ತರಿ ಅಂತಾರೆ. ಹೆಸರು ಯಾರಿಗೂ ನೆನಪಿಲ್ಲ. ಕೆಲಸ ಒಂದೇ. ಫೋಟೋದಲ್ಲಿ ವಸ್ತುವನ್ನು ಉಳಿಸಿ, ಹಿಂದಿರುವುದನ್ನೆಲ್ಲ ತೆಗೆಯುವುದು. ಗೋಡೆ, ಪರದೆ, ಮಂಚ, ಮೂಲೆಯಲ್ಲಿ ನಿಂತು ಹಲ್ಲು ಕಿರಿಯುವ ಮಾವ... ಎಲ್ಲರೂ ಔಟ್! ಮಾರುವವರಿಗೆ ಅಚ್ಚ ಬಿಳಿ ಬೇಕು. ನಾನು ಬಿಳಿ ಕೊಡುತ್ತೇನೆ.

ಹತ್ತೊಂಬತ್ತು ವರ್ಷದ ಕೈ ಇದು. ಒಂದೇ ಕ್ಲಿಕ್ಕಿನ ಮಾಯಾಮಂತ್ರ ನನ್ನ ಹತ್ತಿರ ಇಲ್ಲ. ಅಂಚಿನ ಉದ್ದಕ್ಕೂ ಚುಕ್ಕಿ ಇಡುತ್ತಾ ಕೈಯಲ್ಲೇ ಕತ್ತರಿಸುತ್ತೇನೆ. ಕಪ್ಪಿನ ಹಿಡಿಯೊಳಗಿನ ಸಂದು, ಕುರ್ಚಿಯ ಕಾಲುಗಳ ನಡುವಿನ ಸಂದು, ಸೈಕಲ್ಲಿನ ಕಡ್ಡಿ ಕಡ್ಡಿಯ ನಡುವಿನ ಸಂದು... ಹೊಸಬರು ಎಡವೋದು ಅಲ್ಲೇ. ನಾನು ಎಡವಿದವಳಲ್ಲ. ಒಂದೇ ಒಂದು ಸಲವೂ!

ಇನ್ನೆರಡು ಅಭ್ಯಾಸ ಇತ್ತು. ಚಿತ್ರವನ್ನು ನಾನ್ನೂರು ಪರ್ಸೆಂಟ್ ದೊಡ್ಡದು ಮಾಡಿಕೊಂಡೇ ಕೆಲಸ. ಅಷ್ಟು ಹತ್ತಿರದಲ್ಲಿ ಅಂಚು ಕಾಣುತ್ತದೆ, ವಸ್ತು ಕಾಣುವುದಿಲ್ಲ. ಆನೆಯೂ ಒಂದೇ, ಇಕ್ಕಳವೂ ಒಂದೇ. ಎರಡನೆಯದು, ಕೆಲಸ ಮುಗಿದ ತಕ್ಷಣ ಮೂಲ ಫೋಟೋ ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿಬಿಡುತ್ತಿದ್ದೆ. ಗಿರಾಕಿಗಳ ಮನೆಯೊಳಗಿನದ್ದು ನನಗ್ಯಾಕೆ?

ಅದೇ ನನ್ನ ಹೆಮ್ಮೆ. ಅದೇ ಕುತ್ತಿಗೆಗೆ ಬಂತು.

ಅವತ್ತು ಬೆಳಿಗ್ಗೆ ಹೊಸ ಗಿರಾಕಿಯಿಂದ ಇಪ್ಪತ್ತಾರು ಫೋಟೋ ಬಂದವು. ಹೆಸರಿಲ್ಲ, ವಿಳಾಸವಿಲ್ಲ. "ಅರ್ಜೆಂಟ್!" ಅಂತ ಮಾತ್ರ. ಹತ್ತೂ ಹತ್ತಕ್ಕೆ ಕೊನೆಯದರಲ್ಲಿದ್ದೆ. ಪರದೆ ತುಂಬ ಹಳದಿ ಕೊಳವೆ, ಒಂದರ ಮೇಲೊಂದು. ಯಾವುದೋ ಬಾತ್‌ರೂಮಿನ ನಲ್ಲಿ ಅಂದುಕೊಂಡೆ.

ಫೋನ್ ಬಡಿದುಕೊಂಡಿತು.

"ಚಿಕ್ಕಮ್ಮಾ..." ಅಕ್ಕನ ಮಗಳು. ಅಳುತ್ತಿದ್ದಳು. "ನನ್ನ ಟ್ಯೂಬಾ ಹೋಯ್ತು!"

ಟ್ಯೂಬಾ ಗೊತ್ತಲ್ಲ? ಬ್ಯಾಂಡಿನ ಅತೀ ದೊಡ್ಡ ಹಿತ್ತಾಳೆ ವಾದ್ಯ. ಸುರುಳಿ ಸುರುಳಿ ಕೊಳವೆ, ಮೇಲೆ ಕೊಪ್ಪರಿಗೆಯಂಥ ಬಾಯಿ. ನಮ್ಮ ಹುಡುಗಿ ಐದಡಿ. ನುಡಿಸೋಕೆ ಕೂತರೆ ಅವಳ ಎರಡು ಕಾಲು ಮಾತ್ರ ಕಾಣುತ್ತವೆ.

"ಎಲ್ಲಿ ಹೋಯ್ತು?"

"ನಿನ್ನೆ ಸಂಜೆ ಫೋನ್ ರಿಪೇರಿ ಅಂಗಡಿಗೆ ಹೋಗಿದ್ದೆ. ಬಾಗಿಲಲ್ಲಿ ಅದು ಹಿಡಿಸ್ಲಿಲ್ಲ. ಹೊರಗಿಟ್ಟೆ. ಎರಡೇ ನಿಮಿಷ ಚಿಕ್ಕಮ್ಮಾ!"

"ನಿನ್ನೆ ಹೋಗಿದ್ದನ್ನ ಇವತ್ತು ಹೇಳ್ತಿದ್ದೀಯಾ?"

"ಅಮ್ಮ ಕೊಂದೇ ಹಾಕ್ತಾಳೆ..."

"ಪೊಲೀಸ್‌ಗೆ ಹೇಳು!"

"ಇವತ್ತು ನಾಲ್ಕು ಗಂಟೆಗೆ ಸೆಲೆಕ್ಷನ್ ಇರೋದೇ ಪೊಲೀಸ್ ಬ್ಯಾಂಡಿಗೆ! ಒಂದು ವಾದ್ಯ ಕಾಯೋಕಾಗದವಳನ್ನ ಪೊಲೀಸಿಗೆ ತಗೋತಾರಾ?"

ಮಾತು ಸರಿಯಾಗಿತ್ತು.

ಟ್ಯೂಬಾಕ್ಕೆ ಆ ಬ್ಯಾಂಡಿನಲ್ಲಿ ಒಂದೇ ಕುರ್ಚಿ. ಹಿಂದಿನವರು ಅದರಲ್ಲಿ ಮೂವತ್ತೊಂದು ವರ್ಷ ಕೂತು ಆಗಷ್ಟೇ ಎದ್ದಿದ್ದರು. ಇವತ್ತು ತಪ್ಪಿದರೆ, ಮುಂದೆ ಅದು ಖಾಲಿಯಾಗುವ ಹೊತ್ತಿಗೆ ನಮ್ಮ ಹುಡುಗಿಗೆ ಐವತ್ತು ದಾಟಿರುತ್ತದೆ.

"ಅಳಬೇಡ. ಇಲ್ಲಿಗೆ ಬಾ" ಅಂದೆ. ಮೌಸ್ ಮೇಲೆ ಕೈ ತಾನಾಗಿ ಓಡುತ್ತಲೇ ಇತ್ತು. ಆ ನಲ್ಲಿಯನ್ನು ಮುಗಿಸಿದೆ, ಕಳಿಸಿದೆ, ಮೂಲವನ್ನು ಅಳಿಸಿದೆ, ಬುಟ್ಟಿ ಖಾಲಿ ಮಾಡಿದೆ.

ಅವಳು ಬಂದಳು. ಕಣ್ಣು ಊದಿಕೊಂಡಿದ್ದವು. ಹಳೇ ಸಾಮಾನು ಮಾರುವ ವೆಬ್‌ಸೈಟುಗಳನ್ನು ಒಂದೊಂದೇ ತೆರೆದು ಜಾಲಾಡಿದೆವು. ಒಂದೂವರೆಗೆ ಅವಳು ಕುರ್ಚಿಯಿಂದ ಎಗರಿದಳು.

"ಇದೇ!! ಆ ತಗ್ಗು ನೋಡು, ನಾನು ಮೆಟ್ಟಿಲ ಮೇಲಿಂದ ಬಿದ್ದಾಗ ಆಗಿದ್ದು!"

ಅಚ್ಚ ಬಿಳಿಯ ಮೇಲೆ ಟ್ಯೂಬಾ. ಕೆಳಗೆ "ಮಾರಾಟವಾಗಿದೆ" ಅಂತ ಕೆಂಪು ಪಟ್ಟಿ. ನಾನು ನೋಡಿದ್ದು ಪಟ್ಟಿಯನ್ನಲ್ಲ, ಅಂಚನ್ನು. ಬೆಣ್ಣೆಯಂಥ ಅಂಚು.



ಆ ಅಂಚು ನನ್ನದು!

ಬಾತ್‌ರೂಮಿನ ನಲ್ಲಿ...

ನಾಚಿಕೆಯಾಯಿತು ಕಣ್ರೀ. ಎತ್ತಿ ಆಡಿಸಿದ ಕೂಸು ಫೋನಿನಲ್ಲಿ ಅಳುತ್ತಿದ್ದಾಗ, ಅವಳದೇ ಟ್ಯೂಬಾವನ್ನು ಕಳ್ಳನಿಗೆ ನೀಟಾಗಿ ಬಿಳಿ ಮಾಡಿ ಕೊಟ್ಟಿದ್ದೆ!

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಚಿಕ್ಕಮ್ಮಾ! ಮೂಲ ಫೋಟೋ ತೆಗಿ. ಹಿಂದೆ ಯಾವ ಜಾಗ ಇದೆ ನೋಡೋಣ!"

"ಅಳಿಸಿಬಿಟ್ಟೆ."

"ಬುಟ್ಟಿ?"

"ಖಾಲಿ."

"ಅವನು ಕಳಿಸಿದ ಮೇಲ್?"

"ಲಿಂಕ್ ಕಳಿಸಿದ್ದ. ಒಂದು ಗಂಟೆಗೆ ಸಾಯೋಂಥದ್ದು. ಸತ್ತಿದೆ."

ಅವಳು ಗಡಿಯಾರ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸದಲ್ಲೇ ತಪ್ಪು ಹುಡುಕಲು ಕೂತೆ. ನಾನ್ನೂರು ಪರ್ಸೆಂಟ್. ಎಂಟುನೂರು. ಕೊಳವೆ, ಬಿಳಿ, ಕೊಳವೆ, ಬಿಳಿ... ಮೂರನೇ ಕೊಳವೆ ನಾಲ್ಕನೆಯದನ್ನು ದಾಟುವ ಕಡೆ ಕಡಲೆಕಾಳಿನಷ್ಟು ಒಂದು ಸಂದು.

ಅದು ಬಿಳಿ ಇರಲಿಲ್ಲ!

ಬಿಟ್ಟುಹೋಗಿತ್ತು! ಸರಿಯಾಗಿ ಅಲ್ಲಿಗೆ ಬಂದಾಗ ಫೋನ್ ಬಡಿದುಕೊಂಡಿತ್ತು. ಅವಳ ಅಳು ನನ್ನ ಕೈ ತಪ್ಪಿಸಿತ್ತು. ನಾನು ಹುಚ್ಚಿಯ ಹಾಗೆ ನಗತೊಡಗಿದೆ.

"ಚಿಕ್ಕಮ್ಮಾ, ಏನಾಯ್ತು? ಏನದು ಕಿತ್ತಳೆ ಬಣ್ಣದ್ದು?"

"ಹಿಡಿ. ಯಾವುದೋ ಬಾಗಿಲಿನ ಹಿಡಿಯ ಚೂರು."

"ಯಾವ ಬಾಗಿಲು?"

ನನಗೆ ವಸ್ತು ನೆನಪಿರುವುದಿಲ್ಲ. ಅಂಚು ಮರೆಯುವುದಿಲ್ಲ. ಆ ಬಾಗು, ಅದರ ಕೆಳಗೆ ಮೂಗಿನಂಥ ಉಬ್ಬು... ಎರಡು ವರ್ಷದ ಹಿಂದೆ ಅದರ ಸುತ್ತ ನಲವತ್ತೆರಡು ಚುಕ್ಕಿ ಇಟ್ಟಿದ್ದೆ. ಒಂದು ಲಾಂಡ್ರಿಯ ಕರಪತ್ರಕ್ಕೆ. ಅವರ ಮಷೀನುಗಳ ಬಾಗಿಲೆಲ್ಲ ಕಿತ್ತಳೆ ಬಣ್ಣ!

"ಸ್ಕೂಟರ್ ತೆಗಿ!"

ಮೂರೂಕಾಲಿಗೆ ಅಲ್ಲಿದ್ದೆವು. ಹುಡುಗಿಯನ್ನು ಇಳಿಜಾರಿನ ಕೆಳಗೆ ಸ್ಕೂಟರ್ ಜೊತೆ ನಿಲ್ಲಿಸಿ, ನನ್ನ ಆಫೀಸಿನ ಕರ್ಟನ್ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದೆ. ಕೌಂಟರಿನಲ್ಲಿ ಓನರ್. ಬಾಗಿಲೆತ್ತರದ ಆಳು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮುಖದಲ್ಲೂ ಇಲ್ಲ. ಮನಸ್ಸಿನಲ್ಲೇ ಇಸ್ತ್ರಿ ಅಂತ ಹೆಸರಿಟ್ಟೆ.

"ಒಗೀಬೇಕಿತ್ತು" ಅಂದೆ.

"ಅಲ್ಲಿ ಹಾಕಿ" ಅಂದು ಫೋನ್ ಹಿಡಿದುಕೊಂಡು ಹೊರಗೆ ಹೋದ.

ನಾನು ಒಳಬಾಗಿಲು ದಾಟಿದೆ. ಡ್ರೈಯರ್‌ಗಳ ಕೋಣೆ. ಗೋಡೆಯುದ್ದಕ್ಕೂ ಮಿಕ್ಸಿ, ಗಿಟಾರ್, ಹೊಲಿಗೆ ಮಷೀನು, ಸೈಕಲ್ಲು... ಬೆಳಿಗ್ಗೆ ಕತ್ತರಿಸಿದ್ದೆಲ್ಲ ಇಲ್ಲೇ! ಅಂಚಿನಿಂದಲೇ ಒಬ್ಬೊಬ್ಬರದೂ ಪರಿಚಯವಾಯಿತು. ಮೂಲೆಯಲ್ಲಿ ಟ್ಯೂಬಾ. ಓಡಿಹೋಗಿ ತಬ್ಬಿಕೊಂಡೆ.

ಹೆಜ್ಜೆ ಸಪ್ಪಳ! ಇಸ್ತ್ರಿ, ಹಿಂದೆ ಅವನ ಬಾಮೈದ. ತೆರೆದ ಬಾಯಿ ಇದ್ದದ್ದು ಡ್ರೈಯರ್‌ಗೆ ಮಾತ್ರ.

ಹೀಗೆ ನಾನು ಒಳಗೆ ಸೇರಿದ್ದು.

ಸರಿ. ಬಟನ್ನು.

ಒತ್ತಿದ!

ಡ್ರಮ್ಮು ತಿರುಗಿತು. ಕಾಲು ಮೇಲೆ, ತಲೆ ಕೆಳಗೆ. ಮುಖದ ಮೇಲೆ ಬೆಡ್‌ಶೀಟು. ಕೂಗೋಣವೆಂದು ಬಾಯಿ ತೆರೆದರೆ ಬಾಯಿಗೆ ಸಿಕ್ಕಿದ್ದು ಟ್ಯೂಬಾದ ಊದುವ ತುದಿ. ಜನ್ಮದಲ್ಲಿ ಪೀಪಿ ಊದಿದವಳಲ್ಲ. ಊದಿದೆ.

ಭೋಂಂಂಂ!!

ಉಕ್ಕಿನ ಡ್ರಮ್ಮಿನೊಳಗೆ ಕೂತು ಟ್ಯೂಬಾ ಊದಿದ್ದೀರಾ? ಬೇಡಿ. ನನ್ನ ಹಲ್ಲುಗಳು ಎರಡು ದಿನ ಜುಮ್ಮೆನ್ನುತ್ತಿದ್ದವು.

"ಭಾವಾ! ಮಷೀನು ಕೂಗ್ತಿದೆ!"

"ಆಫ್ ಮಾಡೋ ಕತ್ತೆ!"

ಡ್ರಮ್ಮು ನಿಂತಿತು. ಬಾಗಿಲು ತೆರೆಯಿತು. ಇಸ್ತ್ರಿಯ ಮುಖ ಮೆಲ್ಲಗೆ ಒಳಗೆ ಬಂತು. ಟ್ಯೂಬಾದ ಕೊಪ್ಪರಿಗೆ ಬಾಯನ್ನು ಅವನ ತಲೆಗೆ ಕವುಚಿದೆ. ಕಿವಿಯವರೆಗೂ!

ಮತ್ತೆ ಊದಿದೆ.

ಅವನು ಹಾಗೇ ನೆಲಕ್ಕೆ ಕುಸಿದು ಕೂತ. ಅಂಗಿಯಲ್ಲಿ ಮೊದಲ ಸುಕ್ಕು ಬಿತ್ತು. ಬಾಮೈದ ಅವನ ಕಿವಿ ಉಜ್ಜುತ್ತಿರುವಾಗ, ಟ್ಯೂಬಾವನ್ನು ಬಟ್ಟೆ ತಳ್ಳುವ ಗಾಲಿಬುಟ್ಟಿಗೆ ಎಸೆದು ಕಾಲಿಗೆ ಬುದ್ಧಿ ಹೇಳಿದೆ. ಹೊರಗೆ ಇಳಿಜಾರು. ಬುಟ್ಟಿ ನನಗಿಂತ ಜೋರಾಗಿ ಓಡತೊಡಗಿತು. ಬಿಟ್ಟರೆ ಕೈತಪ್ಪುತ್ತದೆ. ಹಾರಿ ಒಳಗೆ ಕೂತೆ!

"ಚಿಕ್ಕಮ್ಮಾ!! ಬ್ರೇಕ್ ಎಲ್ಲಿದೆ?"

"ಬುಟ್ಟಿಗೆ ಬ್ರೇಕ್ ಇರತ್ತೇನೇ? ಗಾಡಿ ಓಡ್ಸು!"

ಹಾದುಹೋಗುವಾಗ ಬುಟ್ಟಿಯಲ್ಲಿದ್ದ ಬೆಡ್‌ಶೀಟಿನ ಒಂದು ತುದಿ ಎಸೆದೆ. ಅವಳು ಹಿಡಿದು ಸ್ಕೂಟರಿನ ಹಿಂದಕ್ಕೆ ಬಿಗಿದಳು. ಮುಂದೆ ಸ್ಕೂಟರು, ಹಿಂದೆ ಬುಟ್ಟಿ, ಬುಟ್ಟಿಯಲ್ಲಿ ಹಿತ್ತಾಳೆ ಮತ್ತು ನಾನು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ನಾನು ನಗುತ್ತಿದ್ದೆ. ನಿಲ್ಲಿಸಲು ಆಗುತ್ತಿರಲಿಲ್ಲ.

ಹಿಂದೆ ಸೈಕಲ್ ಮೇಲೆ ಬಾಮೈದ.

"ಕಳ್ಳಿ! ಕಳ್ಳೀ! ಹಿಡೀರಿ!"

ಎಷ್ಟು ಧೈರ್ಯ ನೋಡಿ!

ಸಿಗ್ನಲ್ಲು, ಸಂತೆ, ಅಂಚೆ ಕಚೇರಿಯ ತಿರುವು. ತಿರುವಿನಲ್ಲಿ ಬುಟ್ಟಿ ಎರಡೇ ಗಾಲಿಯ ಮೇಲೆ ನಿಂತಿತು. ಮೂರು ಐವತ್ತಾರು. ಗೇಟು! ಮೆಟ್ಟಿಲು! ಇಬ್ಬರೂ ಟ್ಯೂಬಾ ಹೊತ್ತುಕೊಂಡು ಸೆಲೆಕ್ಷನ್ ಹಾಲಿನೊಳಗೆ ನುಗ್ಗಿದೆವು. ಬೆನ್ನ ಹಿಂದೆಯೇ ಬಾಮೈದನೂ ನುಗ್ಗಿದ.

"ಹಿಡೀರಿ ಆ ಕಳ್ಳೀ..."

ಮಾತು ಅಲ್ಲೇ ನಿಂತಿತು.

ನಲವತ್ತು ಖಾಕಿ ಟೋಪಿಗಳು ಅವನ ಕಡೆ ತಿರುಗಿದವು. ತುತ್ತೂರಿ ಹಿಡಿದವರು, ತಮಟೆ ಹಿಡಿದವರು, ತಾಳ ಹಿಡಿದವರು. ಎಲ್ಲರೂ ಪೊಲೀಸರೇ! ಬಾಮೈದ ಇಂಗು ತಿಂದ ಮಂಗನಂತೆ ನಿಂತ. ಆದರೆ ಆಸಾಮಿ ಕಿಲಾಡಿ. ಫೋನ್ ತೆಗೆದು ಬ್ಯಾಂಡ್ ಮಾಸ್ಟರಿಗೆ ಚಾಚಿದ.

"ಅದು ನನ್ನದು ಸಾರ್! ನೋಡಿ, ಜಾಹೀರಾತು ಹಾಕಿರೋದು ನಾನೇ!"

ಮಾಸ್ಟರು ನಮ್ಮ ಹುಡುಗಿಯನ್ನು ನೋಡಿದರು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನನ್ನದು ಸಾರ್. ನಿನ್ನೆ ಕಳಕೊಂಡಿದ್ದೆ. ಅಂಗಡಿ ಹೊರಗೆ ಬಿಟ್ಟುಹೋಗಿದ್ದೆ. ತಪ್ಪು ನನ್ನದೇ."

ಮುಗಿಯಿತು ಅಂದುಕೊಂಡೆ. ಮಾಸ್ಟರು ಫೋನಿನ ಮೇಲೆ ಹೆಬ್ಬೆರಳು ಎಳೆಯುತ್ತಾ ಹೋದರು. ಮಿಕ್ಸಿ. ಗಿಟಾರ್. ಹೊಲಿಗೆ ಮಷೀನು. ಹೆಬ್ಬೆರಳು ನಿಂತಿತು.

"ಇದು ನನ್ನ ಸೈಕಲ್ಲು!"

ನಲವತ್ತು ಟೋಪಿಗಳೂ ಈಗ ಮಾಸ್ಟರ ಕಡೆ ತಿರುಗಿದವು.

"ಠಾಣೆ ಬಾಗಿಲಲ್ಲೇ ಬೀಗ ಹಾಕಿ ನಿಲ್ಲಿಸಿದ್ದೆ ಕಣ್ರೋ!"

"ಹೊರಗಿದೆ ಸಾರ್, ಮೆಟ್ಟಿಲ ಹತ್ತಿರ" ಅಂದೆ. "ಈಗ ಇವನು ತುಳ್ಕೊಂಡು ಬಂದಿದ್ದು ಅದನ್ನೇ."

ಬಾಮೈದ ಓಡಲು ತಿರುಗಿದ. ತಮಟೆಯವನು ಅವನ ಕೊರಳಪಟ್ಟಿ ಹಿಡಿದ. ಅವನು "ಭಾವಾ..." ಅಂತ ಒಂದು ಸಲ ಕೂಗಿದ. ಭಾವನಿಗೆ ಅವತ್ತು ಏನೂ ಕೇಳಿಸುವ ಸ್ಥಿತಿ ಇರಲಿಲ್ಲ.

ಮಾಸ್ಟರು ಇನ್ನೂ ಆ ಚಿತ್ರವನ್ನೇ ನೋಡುತ್ತಿದ್ದರು. "ಏನು ನೀಟಾಗಿ ಕತ್ತರಿಸಿದ್ದಾರೆ ನೋಡ್ರೋ... ಒಂದೊಂದು ಕಡ್ಡಿ! ಯಾರ ಕೈಯೋ ಇದು?"

ನಾನು ಚಾವಣಿಯ ಫ್ಯಾನುಗಳನ್ನು ಎಣಿಸಿದೆ. ಆರಿದ್ದವು.

ಮಾಸ್ಟರು ಗಂಟಲು ಸರಿಮಾಡಿಕೊಂಡು ಹುಡುಗಿಯ ಕಡೆ ತಿರುಗಿದರು. "ಠಾಣೆ ಮುಂದೆ ಸೈಕಲ್ ಕಾಯೋಕಾಗದವನು ನಾನು. ನಿನಗೇನು ಹೇಳಲಿ? ಕೂರಮ್ಮ. ನುಡಿಸು."

ಅವಳು ಕೂತಳು. ಎರಡು ಕಾಲು ಮಾತ್ರ ಕಾಣುತ್ತಿದ್ದವು. ಆಮೇಲೆ ಆ ದನಿ ಬಂತು ನೋಡಿ... ನಾನು ಊದಿದ್ದೂ ಅದೇ ಟ್ಯೂಬಾ, ಅವಳು ಊದಿದ್ದೂ ಅದೇ. ನೆಲ ಸಣ್ಣಗೆ ನಡುಗಿತು. ನನ್ನ ಅಂಗಾಲಿನಿಂದ ಹತ್ತಿ ಗಂಟಲಿಗೆ ಬಂತು. ನಾನು ಅತ್ತೆ. ಕೂದಲಲ್ಲಿ ಬೆಡ್‌ಶೀಟಿನ ದಾರ ಸಿಕ್ಕಿಸಿಕೊಂಡು, ನಲವತ್ತು ಪೊಲೀಸರ ಮುಂದೆ, ನಾಚಿಕೆಯಿಲ್ಲದೆ ಅತ್ತೆ. ಅವಳು ಆ ಕುರ್ಚಿಯಿಂದ ಇನ್ನೂ ಎದ್ದಿಲ್ಲ.

ಇಷ್ಟೇ ಕತೆ.

ಅಂದಿನಿಂದ ಮೊದಲು ಚಿತ್ರವನ್ನು ಇಡಿಯಾಗಿ ನೋಡುತ್ತೇನೆ, ಆಮೇಲೆ ಕತ್ತರಿಸುತ್ತೇನೆ. ಹೊಸ ಗಿರಾಕಿ ಅಂದರೆ ಒಂದು ಸಂದು ಬೇಕೆಂದೇ ಬಿಡುತ್ತೇನೆ. ಪ್ರಾಮಾಣಿಕರು ಫೋನ್ ಮಾಡಿ ಬೈತಾರೆ. ಕ್ಷಮೆ ಕೇಳಿ ಎರಡು ನಿಮಿಷದಲ್ಲಿ ತೆಗೆದುಕೊಡುತ್ತೇನೆ. ಇಷ್ಟು ಬೆವರಿಕೊಂಡು ಖುದ್ದಾಗಿ ಓಡಿ ಬಂದವರು ನೀವೇ ಮೊದಲು.

ನಿಮ್ಮ ತೂಗುದೀಪದಲ್ಲಿ ನಾಲ್ಕನೇ ಕೊಂಬೆಗೂ ಐದನೆಯದಕ್ಕೂ ನಡುವೆ, ನೀಲಿ ಗೋಡೆಯ ಒಂದು ಚೂರು. ಅದು ಯಾರ ಮನೆ ಗೋಡೆ ಸಾರ್?

ಬಾಗಿಲ ಕಡೆ ಯಾಕೆ ನೋಡ್ತೀರಿ... ಹೊರಗೆ ನಮ್ಮ ಹುಡುಗಿ ಕೂತಿದ್ದಾಳೆ. ಯೂನಿಫಾರಮ್‌ನಲ್ಲಿ!