ಗುಂಪಿನಲ್ಲಿ ಆಡಿದ ಮಾತು

ನಡುಮನೆಯಿಂದ ತನ್ನದೇ ದನಿ ಕೇಳಿಬಂದಾಗ ಅಂಜನಾ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದಳು. ಭಾನುವಾರದ ಮಧ್ಯಾಹ್ನ. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ತಾನು ಇಲ್ಲಿ ಒಲೆಯ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿರುವಾಗ ಅಲ್ಲಿ ಮಾತಾಡುತ್ತಿರುವುದು ಯಾರು? ಆಮೇಲೆ ಒಂದೊಂದೇ ಪದ ಸ್ಪಷ್ಟವಾಗುತ್ತ ಬಂತು.

"ಇವತ್ತೂ ಊಟದ ಹೊತ್ತಿಗೆ ಎಲ್ಲರ ಮುಂದೆ ಅಂದ್ರು ಕಣ್ರೇ... ನನ್ನ ತಟ್ಟೆ ನೋಡಿ, 'ಇಷ್ಟು ತುಂಬಿಕೊಂಡ್ರೆ ಮಗು ನಿಲ್ಲೋಕೆ ಜಾಗ ಎಲ್ಲಿರುತ್ತೆ' ಅಂತ. ತಟ್ಟೆ ಎತ್ಕೊಂಡು ಎದ್ದುಬಂದೆ. ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಅಳ್ತಾ ಕೂತೆ. ಒಂದೊಂದ್ಸಲ ಆ ಹೆಂಗಸಿನ ಮುಖ ನೋಡೋಕೂ ಮನಸ್ಸಾಗಲ್ಲ..."

ರೊಟ್ಟಿ ಸೀದು ಹೊಗೆಯಾಡುತ್ತಿದ್ದರೂ ಒಲೆ ಆರಿಸುವುದು ತೋಚದೆ ಅವಳು ಬಾಗಿಲಿಗೆ ಬಂದಳು. ಸೋಫಾದ ಮೇಲೆ ಅತ್ತೆ ಸರ್ವಮಂಗಳಾ ನೆಟ್ಟಗೆ ಕುಳಿತಿದ್ದರು. ಪಕ್ಕದಲ್ಲಿ ನಾದಿನಿ ಮಧುಮತಿ, ಅವಳ ಅಂಗೈಯಲ್ಲಿ ಮೊಬೈಲು. ಟೀಪಾಯಿಯ ಮೇಲೆ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ಪೊಂದು.

"ಆ ಹೆಂಗಸು ಅಂದ್ರೆ ನಾನೇ ತಾನೇ?" ಎಂದರು ಸರ್ವಮಂಗಳಾ, ಸೊಸೆಯ ಮುಖ ನೋಡುತ್ತ. ಆಮೇಲೆ ಮಗಳ ಕಡೆ ತಿರುಗಿ, "ಇನ್ನೊಂದ್ಸಲ ಹಾಕು ಮಧು. ಅವಳೂ ಕೇಳಲಿ."

ಮಧುಮತಿ ತಲೆ ಎತ್ತಲಿಲ್ಲ. ಆದರೆ ಹೆಬ್ಬೆರಳು ಒತ್ತಿತು. ಅಂಜನಾಳ ಅಳು ಎರಡನೆಯ ಸಲ ಆ ನಡುಮನೆಯನ್ನು ತುಂಬಿತು.

ಆ ಮಾತು ಈ ಮನೆಗೆ ಸೇರಿದ್ದಲ್ಲ. ಅದನ್ನು ಅವಳು ಆಡಿದ್ದು ಏಳು ಜನ ಹೆಂಗಸರ ಒಂದು ವಾಟ್ಸಾಪ್ ಗುಂಪಿನಲ್ಲಿ.

ಮದುವೆಯಾಗಿ ಕುಮಾರಸ್ವಾಮಿ ಲೇಔಟಿನ ಈ ಮನೆಗೆ ಬಂದ ಮೊದಲ ಮೂರು ವರ್ಷದಲ್ಲಿ ಅಂಜನಾಳ ತೂಕ ಹದಿನಾಲ್ಕು ಕಿಲೋ ಏರಿತ್ತು. ಮುಟ್ಟು ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ. ಗದ್ದದ ಮೇಲೆ ಒರಟು ಕೂದಲು. ಗಂಡ ಸುಮನ್‌ನ ಜೊತೆ ಹೋಗಿ ತೋರಿಸಿಕೊಂಡಾಗ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ಇದು ಪಿಸಿಓಎಸ್, ಹಾರ್ಮೋನಿನ ಏರುಪೇರು, ಎಷ್ಟೋ ಹೆಣ್ಣುಮಕ್ಕಳಿಗೆ ಇರುತ್ತದೆ. ಐದಾರು ಕಿಲೋ ಇಳಿಸಿದರೂ ಮುಟ್ಟು ಸರಿಹೋಗಬಹುದು, ಮಗುವಿನ ಯೋಚನೆ ಒಂದು ವರ್ಷ ಆದಮೇಲೆ ಮಾಡೋಣ. ಸುಮನ್ ತಲೆಯಾಡಿಸಿದ್ದ. ಹೊರಗೆ ಬಂದಮೇಲೆ, "ಅಮ್ಮಂಗೆ ಇದೆಲ್ಲ ಹೇಳೋದು ಬೇಡ ಅಂಜು, ನೆಂಟರಿಗೆಲ್ಲ ಗೊತ್ತಾಗುತ್ತೆ," ಎಂದವನೂ ಅವನೇ.

ಹೀಗೆ ಮುಚ್ಚಿಟ್ಟದ್ದರ ಭಾರವೆಲ್ಲ ಬಿದ್ದದ್ದು ಅಂಜನಾಳ ಮೇಲೆ. ಮಾವ ತೀರಿಕೊಂಡ ಮೇಲೆ ಮೊಮ್ಮಗುವಿನ ಆಸೆಯೊಂದನ್ನೇ ಹಿಡಿದು ದಿನ ನೂಕುತ್ತಿದ್ದ ಅತ್ತೆಗೆ ಸೊಸೆಯ ಮೈ ಕಂಡರೆ ಸಿಟ್ಟು ಬರುತ್ತಿತ್ತು. ಸೋಮಾರಿತನಕ್ಕೆ ಮೈ ಬಂದಿದೆ ಎಂದು ಅವರ ತೀರ್ಮಾನ. ಅಂಜನಾ ಅನ್ನ ಬಿಟ್ಟಳು, ಸಕ್ಕರೆ ಬಿಟ್ಟಳು, ಎರಡು ಹೊತ್ತು ಬರೀ ಮಜ್ಜಿಗೆ ಕುಡಿದು ತಲೆ ಸುತ್ತಿ ಬಿದ್ದಳು. ತೂಕದ ಮುಳ್ಳು ಮಾತ್ರ ಅಲ್ಲಾಡಲಿಲ್ಲ.

ಅಂಥ ದಿನಗಳಲ್ಲೇ ಜಯನಗರದ ಒಂದು ಲ್ಯಾಬಿನಲ್ಲಿ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಸಾಲಿನಲ್ಲಿ ಕುಳಿತಾಗ, ಕಾತ್ಯಾಯಿನಿಯವರ ಪರಿಚಯವಾಯಿತು. ನಲವತ್ತೆಂಟು ವಯಸ್ಸಿನ ಹೈಸ್ಕೂಲ್ ಟೀಚರ್. ಇಪ್ಪತ್ತೆರಡರಿಂದ ಇದೇ ತೊಂದರೆಯೊಂದಿಗೆ ಬದುಕಿದವರು. "ಶನಿವಾರ ಐದು ಗಂಟೆಗೆ ನಮ್ಮ ತ್ಯಾಗರಾಜನಗರದ ಪಾರ್ಕಿಗೆ ಬಾಮ್ಮ. ಎನ್.ಆರ್. ಕಾಲೋನಿ ಸ್ಟಾಪಲ್ಲಿ ಇಳಿದ್ರೆ ಹತ್ರ. ನಿನ್ನಂಥವರೇ ಇರ್ತಾರೆ," ಎಂದಿದ್ದರು.

ಹೋದಳು. ಪಾರ್ಕನ್ನು ನಾಲ್ಕು ಸುತ್ತು ನಡೆದು, ಕಲ್ಲುಬೆಂಚಿನ ಮೇಲೆ ಕುಳಿತು ಮಾತಾಡುವುದು, ಅಷ್ಟೇ. ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಒಬ್ಬಳು, "ಈ ವಾರ ಮದುವೆಮನೇಲಿ ಹೋಳಿಗೆ ತಿಂದೆ, ಒಂದು ಕಿಲೋ ಜಾಸ್ತಿ," ಎಂದರೆ ಇನ್ನೊಬ್ಬಳು, "ನನಗೂ ಹೋದ ತಿಂಗಳು ಹಾಗೇ ಆಯ್ತು, ಆಮೇಲೆ ಇಳೀತು," ಎನ್ನುವಳು. ತನ್ಮಯಿ ಎಂಬ ಹುಡುಗಿಯಂತೂ ಗಡ್ಡದ ಕೂದಲು ತೆಗೆಯುವ ಕಷ್ಟವನ್ನು ಎಲ್ಲರೂ ಬಿದ್ದು ಬಿದ್ದು ನಗುವಂತೆ ಹೇಳುತ್ತಿದ್ದಳು. ಅವಳಿಗೆ ಈ ತೊಂದರೆ ಇರುವುದು ಅವಳ ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಡುವಿನ ದಿನಗಳಲ್ಲಿ ಮನಸ್ಸು ಕುಗ್ಗಿದವರು ವಾಟ್ಸಾಪ್ ಗುಂಪಿಗೆ ತಮ್ಮ ದನಿಯಲ್ಲೇ ಮಾತು ರೆಕಾರ್ಡ್ ಮಾಡಿ ಕಳಿಸುವರು. ಹೊಟ್ಟೆಗೆ ಸರಿಯಾಗಿ ತಿನ್ನುತ್ತ, ನಡೆಯುತ್ತ, ಏಳು ತಿಂಗಳಲ್ಲಿ ಅಂಜನಾ ಐದೂವರೆ ಕಿಲೋ ಇಳಿದಳು. ಎರಡು ತಿಂಗಳು ಸರಿಯಾದ ಲೆಕ್ಕಕ್ಕೆ ಮುಟ್ಟಾದಾಗ ಆ ಹೆಂಗಸರು ಅವಳನ್ನು ತಬ್ಬಿಕೊಂಡರು.

ಆ ಗುಂಪಿಗೆ ಮಧುಮತಿಯನ್ನು ಕರೆದೊಯ್ದವಳೂ ಅಂಜನಾಳೇ. ಒಂದು ಬೆಳಿಗ್ಗೆ ಬಾತ್‌ರೂಮಿನ ಬಾಗಿಲು ಸರಿಯಾಗಿ ಹಾಕದೆ, ಗದ್ದಕ್ಕೆ ರೇಜರ್ ಹಿಡಿದು ಬಿಕ್ಕುತ್ತಿದ್ದ ನಾದಿನಿ ಅವಳ ಕಣ್ಣಿಗೆ ಬಿದ್ದಿದ್ದಳು. ಐದು ತಿಂಗಳಿಂದ ಮುಟ್ಟಿಲ್ಲ. ಬಿಟಿಎಂ ಲೇಔಟಿನ ಆಫೀಸಿನಲ್ಲಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಓಡಾಡುತ್ತಿದ್ದಳಂತೆ. "ಅತ್ತಿಗೆ, ಅಮ್ಮಂಗೆ ಮಾತ್ರ ಹೇಳ್ಬೇಡಿ. ನಿಮ್ಮ ದಮ್ಮಯ್ಯ," ಎಂದು ಕಾಲು ಹಿಡಿದಳು. ಅಂಜನಾ ಡಾಕ್ಟರಿಗೆ ತೋರಿಸಿದಳು, ಜೊತೆಯಲ್ಲಿ ನಡೆಸಿದಳು, ಸ್ವಂತ ತಂಗಿಯ ಹಾಗೆ ನೋಡಿಕೊಂಡಳು.

ಅಷ್ಟರಲ್ಲಿ ಮಧುಮತಿಗೆ ತುಮಕೂರಿನ ಚಿದಾನಂದ್ ಎಂಬ ಲೆಕ್ಚರರ್ ಸಂಬಂಧ ಕೂಡಿಬಂತು. ಆ ಭಾನುವಾರ ಸೀರೆ ಹುಡುಕಲೆಂದು ಮಗಳ ಬೀರು ತೆಗೆದ ಸರ್ವಮಂಗಳಾರ ಕೈಗೆ, ಅವಳು ಮುಟ್ಟಿಗೆಂದು ನುಂಗುತ್ತಿದ್ದ ಮಾತ್ರೆ ಸಿಕ್ಕಿತ್ತು. ಮಧುಮತಿ ಹೆದರಿ, "ಇದು ಅತ್ತಿಗೇದು, ಅವರಿಗೆ ಪಿಸಿಓಎಸ್ ಅಂತೆ, ಬಚ್ಚಿಡೋಕೆ ಕೊಟ್ಟಿದ್ರು," ಎಂದಳು. ಅಮ್ಮ ನಂಬುವಂತೆ ಕಾಣಲಿಲ್ಲ. ಅಮ್ಮನ ಸಿಟ್ಟು ಅತ್ತಿಗೆಯ ಕಡೆ ತಿರುಗಲೆಂದು ಆಗ ಮೊಬೈಲು ತೆಗೆದು ಅವಳ ಅಳುವನ್ನು ಹಾಕಿದಳು.

"ನಾಲ್ಕು ವರ್ಷ..." ಸರ್ವಮಂಗಳಾ ಎದ್ದು ನಿಂತರು. "ನಾಲ್ಕು ವರ್ಷದಿಂದ ದೇವರಿಗೆ ಕೈ ಮುಗೀತಾ ಇದ್ದೀನಿ. ನೀನು ನೋಡಿದ್ರೆ ಕಾಯಿಲೆ ಮುಚ್ಚಿಟ್ಟು ಗುಟ್ಟಾಗಿ ಮಾತ್ರೆ ನುಂಗ್ಕೊಂಡು, ಬೀದಿ ಹೆಂಗಸರ ಜೊತೆ ನನ್ನ ಮಾನ ಹರಾಜು ಹಾಕ್ಕೊಂಡು ಕೂತಿದ್ದೀಯ. ನನ್ನ ಮಗನಿಗೆ ಇಂಥ ಮೋಸ ಮಾಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?"

ಗಲಾಟೆ ಕೇಳಿ ಸುಮನ್ ರೂಮಿನಿಂದ ಹೊರಗೆ ಬಂದ. ಅಂಜನಾಳಿಗೆ ಹೋದ ಜೀವ ಬಂದಂತಾಯಿತು. "ರೀ, ನೀವೇ ಹೇಳಿ. ಡಾಕ್ಟರ್ ಏನಂದ್ರು ಅಂತ ಅತ್ತೆಗೆ ಹೇಳಿ."

ಸುಮನ್ ತಾಯಿಯ ಮುಖ ನೋಡಿದ. ಮಾತ್ರೆ ನೋಡಿದ. ಆಮೇಲೆ ನೆಲ ನೋಡುತ್ತ, "ನನಗೆ ಇದೆಲ್ಲ ಗೊತ್ತಿರಲಿಲ್ಲಮ್ಮ," ಎಂದ.

ಅಂಜನಾ ತನ್ನವರೆಂದುಕೊಂಡಿದ್ದ ಮೂವರೂ ಎದುರಿಗೇ ಇದ್ದರು. ಒಂದೇ ಒಂದು ಮಾತು ಸಾಕಿತ್ತು. ಆ ಮಾತ್ರೆ ನನ್ನದಲ್ಲ, ನಿಮ್ಮ ಮಗಳದು ಎಂದರೆ ಮುಗಿಯಿತು. ಮಧುಮತಿ ಬಿಳಿಚಿಕೊಂಡು ಅವಳನ್ನೇ ನೋಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು... ನಂಬಿ ಹೇಳಿಕೊಂಡದ್ದನ್ನು ಹೀಗೆ ನಾಲ್ಕು ಜನರ ಮುಂದೆ ಹರವಿದರೆ ಎಷ್ಟು ಉರಿಯುತ್ತದೆಂಬುದು ಅವಳಿಗೆ ಆ ಕ್ಷಣದಲ್ಲಿ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವಳು ಏನೂ ಹೇಳದೆ ಒಳಗೆ ಹೋಗಿ ಒಲೆ ಆರಿಸಿದಳು.

ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುವಾಗ ಮಧುಮತಿ ಹಿಂದೆ ಬಂದು ನಿಂತಳು. "ಅತ್ತಿಗೆ... ಸಂಬಂಧ ತಪ್ಪಿಹೋಗುತ್ತೆ ಅಂತ ಭಯ ಆಯ್ತು."

"ಮಾತ್ರೆ ನನ್ನದು ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ ಮಧು. ಬೇಕಾದ್ರೆ ನಾನೇ ಒಪ್ಕೋತಿದ್ದೆ," ಅಂಜನಾ ಬಟ್ಟೆ ಮಡಚುತ್ತಲೇ ಇದ್ದಳು. "ನಾನು ಅತ್ತಿದ್ದನ್ನ ಯಾಕೆ ಕೇಳಿಸ್ದೆ?"

ಮಧುಮತಿ ತಂತಿಯ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಕೀಳತೊಡಗಿದಳು.

"ನಾನು ಯಾರಿಗೂ ಹೇಳಲ್ಲ. ಆದ್ರೆ ಆ ಹುಡುಗನಿಗೆ ನೀನೇ ಹೇಳು. ಅವರ ಮನೇಲಿ ಹೋಗಿ ನೀನೂ ನಲ್ಲಿ ಬಿಟ್ಕೊಂಡು ಅಳೋದು ಬೇಡ."

ಶನಿವಾರ ಪಾರ್ಕಿನಲ್ಲಿ ಅಂಜನಾ ನಡೆದದ್ದನ್ನೆಲ್ಲ ಹೇಳಿದಳು. ಎಲ್ಲರೂ ತನ್ನನ್ನು ಸಂತೈಸುತ್ತಾರೆಂದು ಅವಳ ಮನಸ್ಸು ಆಸೆಪಟ್ಟಿತ್ತು. ಆದರೆ ತನ್ಮಯಿಯ ಮುಖ ಕಪ್ಪಿಟ್ಟಿತು.

"ನನ್ನ ಮಾತುಗಳೂ ಅವಳ ಫೋನಲ್ಲಿವೆ. ನಾಳೆ ಅದನ್ನೂ ಯಾರಿಗಾದ್ರೂ ಕೇಳಿಸಿದ್ರೆ? ನಿಮ್ಮನ್ನ ನಂಬಿ ಅವಳನ್ನ ಸೇರಿಸ್ಕೊಂಡ್ವಿ ಅಂಜನಾ," ಎಂದವಳೇ ಎದ್ದು, ಚಪ್ಪಲಿಯ ಪಟ್ಟಿಯನ್ನೂ ಹಾಕಿಕೊಳ್ಳದೆ ಗೇಟಿನ ಕಡೆ ನಡೆದುಬಿಟ್ಟಳು. ಕೂಗಿದರೂ ತಿರುಗಲಿಲ್ಲ. ಅಂಜನಾಳಿಗೆ ಅತ್ತೆಯ ಮಾತಿಗಿಂತ ಇದು ಹೆಚ್ಚು ನಾಟಿತು. ತನ್ನದಲ್ಲದ ತಪ್ಪಿಗೆ ತಾನೇ ತಲೆ ತಗ್ಗಿಸಬೇಕಾಗಿತ್ತು! ಕಾತ್ಯಾಯಿನಿಯವರು ಅವಳ ಕೈ ಹಿಡಿದು, "ಅವಳಿಗೆ ಸ್ವಲ್ಪ ದಿನ ಬೇಕು. ನೀನು ಮಾತ್ರ ಬರೋದು ಬಿಡಬೇಡ," ಎಂದರು.

ಮರುದಿನ ಚಿದಾನಂದ್ ತಾಯಿಯೊಂದಿಗೆ ಬಂದ. ಮಾತಿನ ನಡುವೆ ಸರ್ವಮಂಗಳಾ, ಎಲ್ಲರಿಗೂ ಕೇಳುವಂತೆ, "ನಮಗಿರೋದು ಸೊಸೇದೊಂದೇ ಚಿಂತೆ. ಅವಳಿಗೆ ಅದೇನೋ ಪಿಸಿಓಎಸ್ ಅಂತೆ. ನಮ್ಮ ಮಧುಗೆ ಅಂಥದ್ದೇನೂ ಇಲ್ಲಪ್ಪ," ಎಂದರು. ಅಂಜನಾ ಆಗಷ್ಟೇ ಕಾಫಿಯ ತಟ್ಟೆ ಹಿಡಿದು ಬಂದಿದ್ದಳು. ಮಧುಮತಿ ತಟ್ಟನೆ ಎದ್ದು, ಹುಡುಗನೊಂದಿಗೆ ಎರಡು ಮಾತಾಡಬೇಕು ಎಂದಳು. ಇಬ್ಬರೂ ಮಹಡಿಗೆ ಹೋಗಿ ಹತ್ತು ನಿಮಿಷಕ್ಕೆ ಕೆಳಗೆ ಬಂದರು. ಅವಳ ಕಣ್ಣು ಕೆಂಪಾಗಿತ್ತು.

ಚಿದಾನಂದ್ ತಾಯಿಗೆ ಹೇಳಿದ: "ಇವರಿಗೂ ನಮ್ಮ ಅಕ್ಕಂಗಿರೋ ಪ್ರಾಬ್ಲಮ್ಮೇ ಇದೆಯಂತೆ. ಟ್ರೀಟ್‌ಮೆಂಟ್ ತಗೋತಿದ್ದಾರೆ. ನನಗೇನೂ ಅಭ್ಯಂತರ ಇಲ್ಲ."

"ಅಯ್ಯೋ, ಅದಕ್ಕೇನಂತೆ," ಎಂದರು ಆ ತಾಯಿ. "ನನ್ನ ಮಗಳಿಗೆ ಎರಡು ಮಕ್ಕಳಿದಾವೆ."

ಅಷ್ಟೇ. ಇಷ್ಟು ಸಣ್ಣದಕ್ಕೆ ಅಂಜನಾಳ ಮಾನ ಆ ನಡುಮನೆಯಲ್ಲಿ ಬಿದ್ದು ಹೊರಳಿತ್ತು.

ಅವರು ಹೋದಮೇಲೆ ಸರ್ವಮಂಗಳಾ ಮಗಳನ್ನು ಎದೆಗೆ ಒತ್ತಿಕೊಂಡು ಅತ್ತರು. "ಒಬ್ಬಳೇ ಎಷ್ಟು ನರಳಿದ್ಯೋ ನನ್ನ ಕಂದಾ... ನನಗೆ ಒಂದು ಮಾತು ಹೇಳಬಾರದಿತ್ತಾ? ನಾಳೆಯಿಂದ ನಿನಗೆ ನಾನೇ ಬೇರೆ ಅಡುಗೆ ಮಾಡಿಕೊಡ್ತೀನಿ." ಅಂಜನಾ ಕಾದಳು. ತನ್ನ ಕಡೆಗೂ ಒಂದು ಮಾತು ಬರುತ್ತದೆಂದು ಕಾದಳು. ಬಂತು.

"ನಿನಗೆ ಗೊತ್ತಿತ್ತಲ್ಲ, ನೀನಾದ್ರೂ ಹೇಳಬಾರದಿತ್ತಾ? ಎಲ್ಲ ಮುಚ್ಚಿಡೋದೇ ನಿನ್ನ ಬುದ್ಧಿ."

ಅವಳು ರೂಮಿಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಸುಮನ್ ಬಾಗಿಲಲ್ಲಿ ನಿಂತ.

"ಅವತ್ತು ಏನು ಹೇಳ್ಬೇಕು ಅಂತ ತೋಚಲಿಲ್ಲ ಅಂಜು."

"ತೋಚಿತ್ತು ರೀ. ಅದಕ್ಕೇ ಹಾಗೆ ಹೇಳಿದ್ರಿ."

"ಈಗ ಎಲ್ಲ ಸರಿ ಆಯ್ತಲ್ಲ..."

"ನಾನು ಅಮ್ಮನ ಮನೇಲಿರ್ತೀನಿ. 'ಡಾಕ್ಟರ್ ಹತ್ರ ನಾನೂ ಹೋಗಿದ್ದೆ, ಮುಚ್ಚಿಡು ಅಂದಿದ್ದು ನಾನೇ' ಅಂತ ಅತ್ತೆ ಎದುರು ಕೂತು ಹೇಳಿ. ಹೇಳಿದ ದಿನ ಫೋನ್ ಮಾಡಿ, ಬರ್ತೀನಿ."

ಎರಡು ತಿಂಗಳಾದರೂ ಆ ಫೋನು ಬರಲಿಲ್ಲ. ಹೊಸಕೆರೆಹಳ್ಳಿಯ ತಾಯಿಯ ಮನೆಯಲ್ಲಿ ಅಂಜನಾ ಬೆಳಿಗ್ಗೆ ನಡೆದಳು, ಎಂದಿನಂತೆ ಕೆಲಸಕ್ಕೆ ಹೋದಳು, ಶನಿವಾರಗಳಂದು ಪಾರ್ಕಿಗೆ ಹೋದಳು. ನಡುವೆ ಒಂದೂವರೆ ಕಿಲೋ ಮತ್ತೆ ಏರಿತು. ಅದನ್ನೂ ಗುಂಪಿನಲ್ಲಿ ಹೇಳಿಕೊಂಡಳು. ತನ್ಮಯಿಯ ಜಾಗ ಖಾಲಿಯೇ ಇತ್ತು.

ಒಂದು ಶನಿವಾರ ನಾಲ್ಕು ಗಂಟೆಗೆ ಮಧುಮತಿ ಲಗ್ನಪತ್ರಿಕೆ ಹಿಡಿದು ಬಂದಳು. ಅಂಜನಾಳ ತಾಯಿ ತಟ್ಟೆಯಲ್ಲಿ ಅದನ್ನು ತೆಗೆದುಕೊಂಡು ಒಳಗೆ ಹೋದರು. ಮಧುಮತಿ ಕೂರಲಿಲ್ಲ.

"ಫೋನಲ್ಲಿದ್ದಿದ್ದನ್ನೆಲ್ಲ ಅಳಿಸಿಬಿಟ್ಟೆ ಅತ್ತಿಗೆ. ತನ್ಮಯಿ ಅಕ್ಕನ ಮನೆಗೂ ಹೋಗಿದ್ದೆ, ತಪ್ಪಾಯ್ತು ಅಂತ ಕೇಳ್ಕೊಳ್ಳೋಕೆ. ಅವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ರು." ಆಮೇಲೆ, "ಅಣ್ಣ ಕೆಳಗೆ ಕಾರಲ್ಲಿದ್ದಾನೆ," ಎಂದಳು.

"ಅತ್ತೆಗೆ ಹೇಳಿದ್ರಂತಾ?"

ಮಧುಮತಿ ಇಲ್ಲವೆಂದು ತಲೆಯಾಡಿಸಿದಳು.

ಅಂಜನಾ ಚಪ್ಪಲಿ ಮೆಟ್ಟಿ ಕೆಳಗಿಳಿದಳು. ಸುಮನ್ ಕಾರಿನ ಗಾಜು ಇಳಿಸಿ, "ಪಾರ್ಕಿಗಾ? ಬಾ, ಬಿಡ್ತೀನಿ," ಎಂದ. ಮುಖ ಬಾಡಿತ್ತು. ಒಂದು ಗಳಿಗೆ ಅವಳ ಮನಸ್ಸು ಕರಗಿತು. ಆದರೆ ಅವನು ಪಕ್ಕದ ಬಾಗಿಲು ತೆರೆದನೇ ಹೊರತು ಅವಳು ಕಾದಿದ್ದ ಮಾತನ್ನು ಆಡಲಿಲ್ಲ.

"ಬೇಡ, ಬಸ್ಸಿದೆ," ಎಂದು ಅವಳು ಸ್ಟಾಪಿನ ಕಡೆ ನಡೆದಳು.

ಹಿಂದೆ ಓಡುವ ಹೆಜ್ಜೆ ಕೇಳಿಸಿತು. "ಅತ್ತಿಗೆ, ನಾನೂ ಬರ್ಲಾ? ಅವರೆಲ್ಲ ಬೈಯಲಿ, ಕೇಳ್ಕೋತೀನಿ."

ಅಂಜನಾ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮೊದಲಿನಂತೆ ಈ ಹುಡುಗಿಯ ಮುಂದೆ ಮನಸ್ಸು ಬಿಚ್ಚುವುದು ಇನ್ನು ಸಾಧ್ಯವೇ ಇಲ್ಲವೇನೋ ಎನಿಸಿತು. ಬಸ್ಸು ಬಂತು. ಅವಳು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು. ಮಧುಮತಿ ಪಕ್ಕದಲ್ಲಿ ಕೂರುವ ಧೈರ್ಯ ಸಾಲದೆ ಕಂಬ ಹಿಡಿದು ನಿಂತಳು.

"ಎಲ್ಲಿಗೆ ಮೇಡಂ? ಎಷ್ಟು?" ಎಂದು ಕಂಡಕ್ಟರ್ ಕೇಳಿದ.

ಅಂಜನಾ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು:

"ಎನ್.ಆರ್. ಕಾಲೋನಿ. ಎರಡು ಕೊಡಿ."